ದನಿಯ ಬಾಲ

ಮುಲುಂಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಶಿವಪುತ್ರ ಗಾಡಿ ಬರದಿರಲಿ ಎಂದು ಬಯಸುತ್ತಿದ್ದ. ಭಾನುವಾರ, ಮೆಗಾ ಬ್ಲಾಕು. ಹಳಿ ರಿಪೇರಿಗೆಂದು ಅರ್ಧ ಗಾಡಿಗಳನ್ನು ರದ್ದು ಮಾಡಿದ್ದರು, ಉಳಿದವು ತಮಗೆ ಬೇಕಾದಾಗ ಬರುತ್ತಿದ್ದವು. ಜನ ರೈಲ್ವೆಯವರನ್ನು ಬೈಯುತ್ತ ಹಳಿಯ ಕಡೆ ಬಗ್ಗಿ ನೋಡುತ್ತಿದ್ದರು. ಬಯ್ಯದೆ ನಿಂತವನು ಅವನೊಬ್ಬನೇ. ಹನ್ನೆರಡಕ್ಕೆ ವಿಲೆ ಪಾರ್ಲೆಯಲ್ಲಿ ಕ್ಲಾಸು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಆ ಕಡೆಯ ಲೈನು ಹಿಡಿಯಬೇಕು. ಗಾಡಿ ಇನ್ನೊಂದು ಮುಕ್ಕಾಲು ಗಂಟೆ ತಡವಾದರೆ ಹೋಗಿ ಉಪಯೋಗವಿಲ್ಲ, ಮನೆಗೆ ತಿರುಗಬಹುದು. ಪಕ್ಕದಲ್ಲಿ ಹೆಂಡತಿ ಭುವನೇಶ್ವರಿ ಹಸಿರು ಬಣ್ಣದ ಸಾಬೂನು ಡಬ್ಬಿಯೊಂದನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಟೆಲಿಗ್ರಾಮಿನ ಕಾಲದ ಮೋರ್ಸ್ ಸಂಕೇತ ಅಭ್ಯಾಸ ಮಾಡುವ ಡಬ್ಬಿ ಅದು, ಆಸಿಲೇಟರ್. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಪುಟ್ಟ ಐಸಿ, ಹಳೆಯ ರೇಡಿಯೋದಿಂದ ಕಿತ್ತ ಸ್ಪೀಕರ್. ಹೊರಗೆ ಹ್ಯಾಕ್ಸಾ ಬ್ಲೇಡಿನ ತುಂಡಿನ ತುದಿಗೆ ಡ್ರಾಯರಿನ ಗುಂಡಿ ಕೂರಿಸಿ ಮಾಡಿದ ಕೀ. ಒತ್ತಿದರೆ ಕುಂಯ್ ಎನ್ನಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ಇಂಥ ಹದಿನಾಲ್ಕು ಡಬ್ಬಿಗಳನ್ನು ಅವನು ಕ್ಲಾಸಿನವರಿಗೆ ಮಾಡಿಕೊಟ್ಟಿದ್ದ. ಎಲ್ಲವೂ ಬಿಟ್ಟ ಕೂಡಲೇ ನಿಲ್ಲುತ್ತಿದ್ದವು. ಇದು, ಹದಿನೈದನೆಯದು, ನಿಲ್ಲುತ್ತಿರಲಿಲ್ಲ. ಬೆರಳೆತ್ತಿದ ಮೇಲೂ ದನಿ ಒಂದು ಕ್ಷಣ ಎಳೆಯುತ್ತಿತ್ತು. ಅದು ಯಾಕೆ ಎಳೆಯುತ್ತದೆಂಬುದು ಅವನೊಬ್ಬನಿಗೇ ಗೊತ್ತಿತ್ತು.

"ಏನ್ರಿ, ಗಾಡಿ ಬರ್ತದೋ ಇಲ್ಲೋ?"

"ಬರದಿದ್ರ ಬಿಡು. ಮನ್ಯಾಗೇ ಪ್ರ್ಯಾಕ್ಟೀಸ್ ಮಾಡೂಣು."

"ನಾಡ್ದು ಮಂಗಳವಾರ ಪರೀಕ್ಷಾ ಇಟ್ಕೊಂಡು ಹಿಂಗಂತೀರಲ್ಲ! ಸರ್ ಇವತ್ತ ಎಲ್ಲರ ಕೈ ನೋಡ್ತೀನಿ ಅಂದಾರ."

ಸರ್ ಕೈ ನೋಡುವುದೇ ಅವನಿಗೆ ಬೇಡವಾಗಿತ್ತು. ಹವ್ಯಾಸಿಗಳ ಹ್ಯಾಮ್ ರೇಡಿಯೋದ ದೊಡ್ಡ ಲೈಸೆನ್ಸು ಬೇಕೆಂದರೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಕೇಳಿ ಬರೆಯಬೇಕು, ಅದೇ ವೇಗದಲ್ಲಿ ಕೈಯಿಂದ ಕಳಿಸಲೂ ಬೇಕು. ಗಂಡ ಹೆಂಡತಿ ಇಬ್ಬರೂ ಫಾರ್ಮು ತುಂಬಿದ್ದರು. ಅವನಿಗೆ ಇದು ಮೂರನೆಯ ಸಲ, ಅವಳಿಗೆ ಮೊದಲನೆಯದು. ಅವಳು ಪಾಸಾಗುತ್ತಾಳೆ ಎಂಬುದರಲ್ಲಿ ಕ್ಲಾಸಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಆ ಹೇಳದಿರುವಿಕೆಯನ್ನು ಅವನು ದಿನವೂ ಕೇಳಿಸಿಕೊಳ್ಳುತ್ತಿದ್ದ. ಒಂಬತ್ತು ದಿನದ ಹಿಂದೆ, ಶುಕ್ರವಾರ ಸಂಜೆ ಅವಳ ಡಬ್ಬಿಗೆ ಬೆಸುಗೆ ಹಾಕುತ್ತ ಕೂತಿದ್ದಾಗ ಕೀ ಒತ್ತಿದರೆ ಟಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಅದನ್ನು ಅಡಗಿಸಲು ಒಂದು ಪುಟ್ಟ ಕೆಪ್ಯಾಸಿಟರ್ ಹಾಕುವುದುಂಟು. ಹತ್ತು ನಂಬರಿನದು ಸಾಕು. ಕೈ ಹತ್ತರ ಡಬ್ಬಕ್ಕೆ ಹೋಗಿ, ಅಲ್ಲಿಂದ ಸರಿದು, ಪಕ್ಕದ ಡಬ್ಬದಿಂದ ನಾನೂರ ಎಪ್ಪತ್ತರದನ್ನು ಎತ್ತಿಕೊಂಡಿತು. ಅಷ್ಟು ದೊಡ್ಡದು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಕೀ ಬಿಟ್ಟ ಮೇಲೂ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರುತ್ತದೆ; ದನಿಗೆ ಬಾಲ ಬೆಳೆಯುತ್ತದೆ. ಡಿ ಎಂಬ ಚಿಕ್ಕ ಸದ್ದುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟಕ್ ಸದ್ದು ಹೋಗಲಿ ಎಂದೇ ಹಾಕುತ್ತಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಅದನ್ನು ಬೋರ್ಡಿನ ಅಡಿಗೆ, ಮುಚ್ಚಳ ತೆಗೆದರೂ ಕಾಣದ ಹಾಗೆ, ಮಡಿಸಿ ಕೂರಿಸಿದ. ಸದ್ದು ಅಡಗಿಸುವವನು ಯಾಕೆ ಅಡಗಿಸಿ ಇಡಬೇಕು? ಬೆಸುಗೆಯ ಹೊಗೆ ಕಣ್ಣಿಗೆ ಹೋಗಿ ನೀರು ಬಂತು. ಒಳಗಿನಿಂದ ಅವಳು, "ಆತೇನ್ರಿ ನನ್ನ ಡಬ್ಬಿ?" ಎಂದು ಹಬ್ಬದ ಸೀರೆ ಕೇಳುವ ಹಾಗೆ ಕೇಳಿದ್ದಳು.

ಮೊದಲ ದಿನವೇ ಅವಳು ಹಿಡಿದಿದ್ದಳು. "ಇದರ ದನಿ ಎಳೀತದಲ್ರಿ?" ಎಂದು ತಲೆ ವಾರೆ ಮಾಡಿದ್ದಳು. "ಹೊಸಾ ಸ್ಪೀಕರ್. ಬಳಸ್ತ ಬಳಸ್ತ ಪಳಗ್ತದ" ಎಂದಿದ್ದ. ಸ್ಪೀಕರ್ ಹೊಸದಲ್ಲ, ಸ್ಪೀಕರು ಪಳಗುವುದೂ ಇಲ್ಲ. ಅವಳು ನಂಬಿದಳು. ವೈರು, ಬೋಲ್ಟು, ಫ್ಯೂಸಿನ ವಿಷಯದಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಅವಳು ಅವನ ಮಾತಿಗೆ ಎದುರು ಮಾತಾಡಿದವಳಲ್ಲ. ಅವನು ತನ್ನ ಹಳೆಯ ಡಬ್ಬಿಯನ್ನು ಊಟದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತೇನೆಂದು ಕೆಲಸದ ಜಾಗಕ್ಕೆ, ಬಾಂದ್ರಾಕ್ಕೆ, ಒಯ್ದು, ಅಲ್ಲೇ ಬೀಗ ಹಾಕಿಟ್ಟು ಬಂದ. ಹೋದ ಭಾನುವಾರ ಸರ್ ಯಾವುದೋ ಮದುವೆಗೆ ಮೈಸೂರಿಗೆ ಹೋಗಿದ್ದರಿಂದ ಕ್ಲಾಸೂ ಇರಲಿಲ್ಲ. ಒಂಬತ್ತು ದಿನ ಅವಳಿಗೆ ಇದೇ ಡಬ್ಬಿ.

ಅವಳನ್ನು ಈ ಹುಚ್ಚಿಗೆ ಎಳೆದವನು ಅವನಲ್ಲ. ಅವಳೇ ಬಂದಳು, ಅದೂ ಬೆನ್ನು ಮಾಡಿ ಕೂತು. ಕಿಟಕಿಯ ಹತ್ತಿರ ಹೊಲಿಗೆ ಮಶೀನು ಹಾಕಿಕೊಂಡು ಬಿಲ್ಡಿಂಗಿನ ಹೆಂಗಸರ ಸೀರೆಗೆ ಫಾಲ್, ಪಿಕೋ ಮಾಡುವವಳು. ಅವನು ಈ ಕಡೆ ಮೊಬೈಲಿನಲ್ಲಿ ಮೋರ್ಸ್ ಹಾಕಿಕೊಂಡು ಪೆನ್ಸಿಲ್ ಹಿಡಿದು ಒದ್ದಾಡುತ್ತಿದ್ದ. ಒಂದು ದಿನ ಮಶೀನು ನಿಲ್ಲಿಸದೆಯೇ, "ಅದು ವೈ ಅಲ್ರಿ, ಕ್ಯೂ" ಎಂದಳು. ಅವನ ಕಾಗದ ಅವಳಿಗೆ ಕಾಣುತ್ತಿರಲಿಲ್ಲ. ದಿನವೂ ಬರೆಯುವಾಗ ಅವನು ಅಕ್ಷರಗಳನ್ನು ಬಾಯಲ್ಲಿ ಗೊಣಗುತ್ತಿದ್ದ, ಆಗಲೂ ವೈ ಎಂದಿದ್ದ. ನೋಡಿದರೆ ಕ್ಯೂ. ಡಾ ಡಾ ಡಿ ಡಾ. "ನಿನಗ ಹೆಂಗ್ ಗೊತ್ತು?" ಎಂದರೆ, "ನಿಮ್ಮವ್ವ ನಡದಂಗ ಕೇಳ್ತದ" ಎಂದು ನಕ್ಕಳು. ಅವನ ತಾಯಿ ಲಕ್ಷ್ಮವ್ವ ಮೊಣಕಾಲು ಹಿಡಿದವಳು. ಎರಡು ಹೆಜ್ಜೆ ಎಳೆದು, ಒಂದು ಚಕ್ಕನೆ ಇಟ್ಟು, ಮತ್ತೊಂದು ಎಳೆಯುತ್ತಿದ್ದಳು. ಅವಳು ಬದುಕಿದ್ದಷ್ಟು ಕಾಲ ಅದನ್ನು ದಿನವೂ ಕೇಳಿದ ಮಗನಿಗೆ ಅದು ಹೊಳೆದಿರಲಿಲ್ಲ. ಅವಳಿಗೆ ಪ್ರತಿಯೊಂದು ಅಕ್ಷರವೂ ಹೀಗೇ, ಯಾರೋ ನಡೆದ ಹಾಗೆ, ಏನೋ ಬಿದ್ದ ಹಾಗೆ. ಎಲ್ ಎಂದರೆ ಮಶೀನಿನ ದಾರ ಹರಿಯುವ ಮುಂಚಿನ ಸದ್ದಂತೆ. ಅವನು ಕಲಿತದ್ದು ಗೋಡೆಗೆ ಅಂಟಿಸಿದ ಪಟ್ಟಿಯಿಂದ. ಚುಕ್ಕೆ ಎಷ್ಟು, ಗೀಟು ಎಷ್ಟು. ದನಿ ಕೇಳಿದ ಕೂಡಲೇ ಕಣ್ಣೊಳಗೆ ಚುಕ್ಕೆ ಗೀಟು ಎಳೆದು, ಎಣಿಸಿ, ಪಟ್ಟಿಯಲ್ಲಿ ಹುಡುಕಿ ಬರೆಯುವಷ್ಟರಲ್ಲಿ ಮುಂದಿನ ಎರಡು ಅಕ್ಷರ ದಾಟಿ ಹೋಗಿರುತ್ತಿದ್ದವು. ಐದು ಪದದ ವೇಗದವರೆಗೆ ಹೇಗೋ ಓಡಿದ, ಅಲ್ಲಿಂದ ಮುಂದೆ ಗೋಡೆ. "ಎಣಿಸಬೇಡಿ ಶಿವಪುತ್ರ ಅವರೇ, ಕೇಳಿ" ಎಂದು ಸರ್ ಒಂದೂವರೆ ವರ್ಷದಿಂದ ಹೇಳುತ್ತಿದ್ದರು. ಮೀಟರು ಹಚ್ಚಿ ನೋಡದೆ ಯಾವ ತಂತಿಯನ್ನೂ ಮುಟ್ಟಬೇಡ ಎಂದು ಮೂವತ್ತು ವರ್ಷ ಕಲಿತ ಕೈಗೆ, ಬರೀ ಕಿವಿಯನ್ನು ನಂಬು ಎಂದರೆ ಹೇಗೆ ನಂಬೀತು?

"ಶಿವಪುತ್ರ ಅವರೇ". ಆ ಮಾತಿಗಾಗಿಯೇ ಅವನು ಪ್ರತಿ ಭಾನುವಾರ ಎರಡು ಗಾಡಿ ಬದಲಿಸಿ ಹೋಗುತ್ತಿದ್ದ. ಬಾಂದ್ರಾದ ಆಫೀಸ್ ಬಿಲ್ಡಿಂಗಿನಲ್ಲಿ ಅವನು ಎಲೆಕ್ಟ್ರಿಷಿಯನ್. ಕರೆಂಟು ಹೋದಾಗ ಮಾತ್ರ ಜನರಿಗೆ ಕಾಣುವವನು, ಆಗಲೂ "ಏ ಲೈಟ್‌ವಾಲಾ" ಎಂದೇ. ವಿಲೆ ಪಾರ್ಲೆಯ ಕ್ಲಾಸಿನ ಹಾಲ್‌ನಲ್ಲಿ ಇಂಜಿನಿಯರುಗಳು, ಕಾಲೇಜಿನವರು ಅವನ ಡಬ್ಬಿಗೆ ಕಾಯುತ್ತಿದ್ದರು. ನಾಲ್ಕು ತಿಂಗಳ ಹಿಂದೆ, ಮನೆಯಲ್ಲಿ ಒಬ್ಬಳೇ ಯಾಕೆಂದು ಅವಳನ್ನೂ ಕರೆದುಕೊಂಡು ಹೋದ. ಎರಡನೆಯ ವಾರಕ್ಕೆ ಅವಳು ಪೆನ್ಸಿಲ್ ಕೇಳಿದಳು. ಮೂರನೆಯ ತಿಂಗಳಿಗೆ ಅವನು "ಭುವನೇಶ್ವರಿಯವರ ಯಜಮಾನರು" ಆದ. ಹಿಂದಿನ ಸಲ ಫೇಲಾದಾಗ ಅವಳಿಗೆ, ಅಲ್ಲಿ ಹೆಡ್‌ಫೋನ್ ಕೆಟ್ಟಿತ್ತು ಎಂದು ಸುಳ್ಳು ಹೇಳಿದ್ದ. ಅವಳು ಅದನ್ನು ಕ್ಲಾಸಿನಲ್ಲಿ ಎಲ್ಲರೆದುರು, ಗಂಡನ ಪರವಾಗಿ ಜಗಳಕ್ಕೆ ನಿಂತವಳ ಹಾಗೆ ಹೇಳಿಬಿಟ್ಟಳು. ಅಲ್ಲಿ ಹೆಡ್‌ಫೋನೇ ಕೊಡುವುದಿಲ್ಲ, ಸ್ಪೀಕರಿನಲ್ಲಿ ಕೇಳಿಸುತ್ತಾರೆಂದು ಸರ್‌ಗೆ ಗೊತ್ತು. ಅವರು ಕನ್ನಡಕ ತೆಗೆದು ಒರೆಸಿ, "ಒಮ್ಮೊಮ್ಮೆ ಹಾಗಾಗತ್ತಮ್ಮ" ಎಂದರು. ಆ ದಯೆ ಇನ್ನೂ ಅವನ ಮೈಮೇಲೆ ಒದ್ದೆ ಬಟ್ಟೆಯ ಹಾಗೆ ಇತ್ತು.

ಗಾಡಿ ಬಂದೇ ಬಂತು. ಅವಳು ಲೇಡೀಸ್ ಬೋಗಿಗೆ ಹತ್ತಿದಳು, ಅವನು ಪಕ್ಕದ ಜನರಲ್ ಬೋಗಿಗೆ. ನಡುವಿನ ಕಬ್ಬಿಣದ ಜಾಲರಿಯಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು. ಜಾಗ ಸಿಕ್ಕಿ ಕೂತವಳೇ ಡಬ್ಬಿಯನ್ನು ತೊಡೆಯ ಮೇಲಿಟ್ಟು ಬಾರಿಸತೊಡಗಿದಳು. ಎದುರಿನ ಮೀನು ಮಾರುವ ಹೆಂಗಸು ಬುಟ್ಟಿ ಬಿಟ್ಟು ಇವಳನ್ನೇ ನೋಡತೊಡಗಿದಳು. ಗಾಡಿಯ ಗದ್ದಲದ ಮೇಲೆ ಅವನಿಗೆ ಆ ದನಿ ಜಾಲರಿಯ ತೂತಿನಿಂದ ತೂರಿ ಬಂದು ಕೇಳಿಸುತ್ತಿತ್ತು, ಸ್ವಚ್ಛವಾಗಿ. ಅದೇ ಅವನನ್ನು ತಿನ್ನುತ್ತಿದ್ದುದು. ಬಾಲವಿದ್ದ ದನಿ ಈಗ ಸ್ವಚ್ಛವಾಗಿತ್ತು! ಮೊದಲ ಎರಡು ದಿನ ಅವಳು ತಡವರಿಸಿದ್ದಳು. ಡಿಗಳು ಅಂಟಿಕೊಂಡು ಗಂಜಿಯಾಗಿದ್ದವು. ಅವನು ಪೇಪರು ಅಡ್ಡ ಹಿಡಿದು, ನಾಚುತ್ತಲೂ ಸುಖಪಡುತ್ತಲೂ ಕೇಳಿದ್ದ. ಮೂರನೆಯ ದಿನಕ್ಕೆ ಅವಳ ಕೈ ತಾನಾಗಿಯೇ ಉಪಾಯ ಕಂಡುಕೊಂಡಿತು. ದನಿ ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಮುಂಚೆಯೇ ಬೆರಳೆತ್ತಿಬಿಡುವುದು. ಉಳಿದದ್ದನ್ನು ಬಾಲ ತುಂಬಿಕೊಳ್ಳುತ್ತಿತ್ತು. ಕೆಟ್ಟ ಡಬ್ಬಿಯಿಂದ ಒಳ್ಳೆಯ ಮೋರ್ಸ್ ತೆಗೆಯುವವಳನ್ನು ಏನು ಮಾಡುವುದು? ಅಂದು ಅವನಿಗೆ ಆದ ಹೊಟ್ಟೆಕಿಚ್ಚು ಮೊದಲಿನದಕ್ಕಿಂತ ದೊಡ್ಡದು. ಆಮೇಲೆ ಒಂದು ದಿನ, ಬಾಂದ್ರಾದಲ್ಲಿ ಏಣಿಯ ಮೇಲೆ ನಿಂತು ಟ್ಯೂಬ್‌ಲೈಟ್ ಬದಲಿಸುವಾಗ, ಇದರ ಇನ್ನೊಂದು ಮುಖ ಹೊಳೆಯಿತು. ಇದೇ ಕೈಯನ್ನು ಅವಳು ಒಳ್ಳೆಯ ಡಬ್ಬಿಯ ಮೇಲೆ ಇಟ್ಟರೆ? ಅಲ್ಲಿ ಬಾಲವಿಲ್ಲ. ಡಿಗಳು ಹುಟ್ಟುವ ಮೊದಲೇ ಸಾಯುತ್ತವೆ. ಹಾಕುವಾಗ ಇದು ಗೊತ್ತಿರಲಿಲ್ಲ ಎಂದು ಅವನು ಯಾವ ದೇವರ ಮುಂದೆಯೂ ಆಣೆ ಮಾಡಬಲ್ಲ. ಹೊಳೆದ ಮೇಲೆ ನಾಲ್ಕು ದಿನ ಸುಮ್ಮನಿದ್ದುದಕ್ಕೆ ಯಾವ ದೇವರನ್ನು ಕರೆಯುವುದು?

ಕ್ಲಾಸಿನ ಹಾಲ್‌ನಲ್ಲಿ ಎಂಟು ಜನ ಸೇರಿದ್ದರು. ವೆಂಕಟಸುಬ್ಬಯ್ಯ ಸರ್ ಬ್ಯಾಂಕಿನಿಂದ ನಿವೃತ್ತರು, ನಲವತ್ತು ವರ್ಷದಿಂದ ಹ್ಯಾಮ್. ಮೇಜಿನ ಮೇಲೆ ಅವರದೇ ಹಳೆಯ ಮರದ ಪೆಟ್ಟಿಗೆಯ ಆಸಿಲೇಟರ್, ಹಿತ್ತಾಳೆಯ ಕೀ.

"ಬನ್ನಿ ಬನ್ನಿ. ಮೆಗಾ ಬ್ಲಾಕ್ ದಾಟಿ ಬಂದ್ರಲ್ಲ, ಅರ್ಧ ಪರೀಕ್ಷೆ ಅಲ್ಲೇ ಪಾಸು" ಎಂದರು. "ಮೊದಲು ಯಾರು?"

"ಆಂಟಿ ಲಾಸ್ಟ್ ಬರ್ಲಿ ಸರ್" ಎಂದಳು ಕಾಲೇಜು ಹುಡುಗಿ ಧಾತ್ರಿ. "ಅವರು ಫಸ್ಟ್ ಮಾಡಿದ್ರೆ ನಮ್ದು... ನಮ್ದು ಪೂರಾ ಇಜ್ಜತ್ ಹೋಗತ್ತೆ."

"ಭಾಬೀಜಿ ತೋ ಟೆಲಿಗ್ರಾಫ್ ಆಫೀಸ್ ಹೈ" ಎಂದು ಕೊರಿಯರ್ ಕಂಪನಿಯ ಸಚಿನ ನಗಿಸಿದ. "ಶಿವಪುತ್ರ ಭಾವೂ, ಮನೆಯಲ್ಲಿ ಜಗಳಾನೂ ಮೋರ್ಸಿನಲ್ಲೇ ಏನು?"

ಶಿವಪುತ್ರ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಕ್ಕ. ಅವನ ಸರದಿ ಬಂದಾಗ ಎಂದಿನಂತೆ ಕಳಿಸಿದ. ಕಳಿಸುವುದರಲ್ಲಿ ಅವನಿಗೆ ತೊಂದರೆಯಿಲ್ಲ, ಎಣಿಸಿ ಕಳಿಸಬಹುದು. ಕೊನೆಗೆ ಭುವನೇಶ್ವರಿ ಸೆರಗು ಸರಿಮಾಡಿಕೊಂಡು ಹಿತ್ತಾಳೆಯ ಕೀಯ ಮುಂದೆ ಕೂತಳು. ಸರ್ ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿದರು. ಮೊದಲ ಸಾಲಿಗೇ ಅವರ ಕಣ್ಣು ತೆರೆಯಿತು. ಎರಡನೆಯ ಸಾಲಿಗೆ ಪೆನ್ಸಿಲ್ ನಿಂತಿತು. ಮೇಜಿನ ಮೇಲಿಂದ ಟಿಕ್ ಟಿಕ್ ಎಂದು ಏನೋ ಒಡೆಯುವ ಸದ್ದು ಬರುತ್ತಿತ್ತು. ನಡುನಡುವೆ ಮೊಟಕಾದ ಒಂದೊಂದು ಗೀಟು. ಅವಳಿಗೂ ಕೇಳಿಸುತ್ತಿತ್ತು. ಅವಳು ನಿಲ್ಲಿಸಿ, ಕೈ ಝಾಡಿಸಿ, ಮತ್ತೆ ಶುರುಮಾಡಿದಳು. ಇನ್ನೂ ಕೆಟ್ಟಿತು. ಮೂರನೆಯ ಸಲ ಅಕ್ಷರಗಳೇ ಮರೆತವಳಂತೆ ಕೀಯನ್ನು ನೋಡುತ್ತ ಕೂತಳು.

"ಏನಮ್ಮ ಇದು? ಡಿಗಳೇ ಕೇಳಿಸ್ತಿಲ್ಲ. ಹದಿನೈದು ದಿನದಲ್ಲಿ ಕೈಗೆ ಏನಾಯ್ತು?"

"ಗೊತ್ತಾಗವಲ್ದ್ರಿ ಸರ್."

"ನಿಮ್ಮ ಡಬ್ಬಿ ಕೊಡಿ ನೋಡೋಣ. ಅದರಲ್ಲೇನಾದ್ರೂ ಹೆಚ್ಚುಕಮ್ಮಿ ಇದೆಯಾ?"

ಶಿವಪುತ್ರ ಕುರ್ಚಿಯ ಅಂಚಿಗೆ ಸರಿದ. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅವಳು ಡಬ್ಬಿಯನ್ನು ಚೀಲದೊಳಗೆ ಇನ್ನಷ್ಟು ಕೆಳಕ್ಕೆ ತುರುಕಿ, "ಡಬ್ಬಿ ಛಲೋ ಅದರಿ ಸರ್. ನಮ್ಮನಿಯವರು ಮಾಡ್ಯಾರ. ನನ್ನ ಕೈನೇ ಹೋಗ್ಯಾದ" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಸಾಲದ ಮಾತು ಬಂದಾಗ ಮನೆಯ ಮಾನ ಕಾಯುವ ಗಟ್ಟಿತನವಿತ್ತು. "ನಾ ಈ ಸಲ ಪರೀಕ್ಷಾ ಬಿಡ್ತೀನ್ರಿ. ಸುಮ್ನ ಹೋಗಿ ನಿಮ್ಮ ಹೆಸರು ಯಾಕ ಕೆಡಸ್ಲಿ?"

ಸರ್ ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, "ಸರಿ, ಮುಂದಿನ ಸಲ ನೋಡೋಣ. ಶಿವಪುತ್ರ ಅವರೇ, ಈ ಸಲ ನಿಮ್ಮದಾಗಲಿ" ಎಂದರು. ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೆ ಮೊದಲು ಆದದ್ದು ಸುಖ. ನಿಜವಾದ ಸುಖ, ಬೆವರಿದ ಬೆನ್ನಿಗೆ ಫ್ಯಾನಿನ ಗಾಳಿ ತಾಗಿದ ಹಾಗೆ. ಕುರ್ಚಿಯಲ್ಲಿ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ತೆರೆದ ಬಾಯಿ ಮುಚ್ಚಿಕೊಂಡಿತು. ಅದಾದ ಮೇಲೆ ಸರ್ ಕಳಿಸಿದ ಪಾಠವನ್ನು ಎಲ್ಲರೂ ಕೇಳಿ ಬರೆಯಬೇಕಿತ್ತು. ಅವನ ಹಾಳೆಯ ಮೇಲೆ ಹನ್ನೊಂದು ಅಕ್ಷರ ಮಾತ್ರ ಬಿದ್ದವು. ಅವಳು ಕೈ ಕಟ್ಟಿ ಕೂತಿದ್ದಳು, ಪೆನ್ಸಿಲ್ ಮುಟ್ಟಲಿಲ್ಲ. ಆದರೆ ಅವಳ ತುಟಿ ಒಂದೊಂದೇ ಅಕ್ಷರವನ್ನು ಹೇಳುತ್ತಿದ್ದುದು ಅವನಿಗೆ ಕಂಡಿತು. ಒಂದನ್ನೂ ಬಿಡದೆ.

ದಾದರಿನ ಸೇತುವೆಯ ಮೇಲೆ ಜನ ಅವರಿಬ್ಬರನ್ನು ಬೇರೆ ಬೇರೆ ಮಾಡಿ, ಮತ್ತೆ ಕೂಡಿಸಿ, ಕೆಳಗೆ ಇಳಿಸಿದರು. ಅವಳು ಬಯ್ಯಲಿಲ್ಲ, ಗೊಣಗಲಿಲ್ಲ. ವಡಾಪಾವ್ ಕೊಡಿಸಿದರೆ ತಿಂದಳು. ಮೆಣಸಿನಕಾಯಿ ಅವನಿಗೆ ಕೊಟ್ಟಳು, ಯಾವಾಗಲೂ ಕೊಡುವ ಹಾಗೆ.

"ವಯಸ್ಸಾತ್ರಿ. ಮಶೀನ್ ತುಳಿಯೋ ಮಂದಿಗೆ ಇದೆಲ್ಲ ಎದಕ್ಕ? ನೀವು ಪಾಸಾಗ್ರಿ, ಅಷ್ಟೇ ಸಾಕು. ಸಂಜೀಕ ನಾ ನಿಮಗ ಓದಿ ಹೇಳ್ತೀನಿ, ನೀವು ಬಾರಸ್ರಿ. ಈ ಡಬ್ಬಿ ಯಾರಿಗರೆ ಕೊಟ್ಟುಬಿಡ್ರಿ."

ಯಾರಿಗಾದರೂ ಕೊಡುವುದು. ಅವನಿಗೆ ಈ ದಾರಿ ಹೊಳೆದಿರಲಿಲ್ಲ. ಅವಳಾಗಿಯೇ ತೋರಿಸುತ್ತಿದ್ದಳು: ಬಾಂದ್ರಾಕ್ಕೆ ಒಯ್ದು ಆ ಕೆಪ್ಯಾಸಿಟರನ್ನು ಕಿತ್ತೆಸೆದು ಡಬ್ಬಿ ಕೊಟ್ಟುಬಿಟ್ಟರೆ ಮುಗಿಯಿತು. ಇನ್ನು ಆರು ತಿಂಗಳಿಗೆ ಅವಳ ಕೈ ಮೊದಲಿನಂತಾಗುತ್ತದೆ, ಅಥವಾ ಆಗುವುದಿಲ್ಲ. ಆಗದಿದ್ದರೂ ಅವಳು ತನ್ನ ವಯಸ್ಸನ್ನೇ ಅನ್ನುತ್ತಾಳೆ. ಮುಲುಂಡ್‌ವರೆಗೂ ಅವನು ಬಾಗಿಲ ಹತ್ತಿರ ನಿಂತು, ಗಾಳಿಗೆ ಮುಖ ಕೊಟ್ಟು, ಇದು ಎಷ್ಟು ಸುಲಭ ಎಂದು ಯೋಚಿಸುತ್ತಿದ್ದ. ಜಾಲರಿಯ ಆ ಕಡೆ ಅವಳು ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಎಳೆದು, ಲಟಿಕೆ ತೆಗೆದು, ತಿರುಗಿಸಿ ನೋಡುತ್ತಿದ್ದಳು. ಕೆಟ್ಟ ಸಾಮಾನನ್ನು ನೋಡುವ ಹಾಗೆ.

ಮನೆಗೆ ಬಂದು ಅವಳು ಚಹಾಕ್ಕೆ ಇಟ್ಟಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಿನ್ನ ಕೈಗೆ ಏನೂ ಆಗಿಲ್ಲ" ಎಂದ.

"ಬಿಡ್ರಿ ಅದನ್ನ."

"ಡಬ್ಬಿದಾಗ ದೊಡ್ಡ ಕೆಪ್ಯಾಸಿಟರ್ ಅದ. ಅದರ ಸಲುವಾಗಿ ದನಿ ಎಳೀತಿತ್ತು. ಆ ದನಿಗೆ ಹೊಂದಿಸ್ಕೋತ ನೀ ಬೆರಳು ಲಗೂ ಎತ್ತೋದು ಕಲ್ತಿ. ಸ್ಪೀಕರ್ ಪಳಗೋದೂ ಇಲ್ಲ, ಏನೂ ಇಲ್ಲ."

ಅವಳು ಸೌಟು ಕೆಳಗಿಟ್ಟು ತಿರುಗಿದಳು. ಅವನ ಮುಖ ನೋಡಿದಳು. ಆಮೇಲೆ ಮೆತ್ತಗೆ, ಅವನು ಒಳಗೆ ಬರಲೆಂದು ಬಾಗಿಲು ತೆರೆದು ಹಿಡಿದವಳ ಹಾಗೆ ಕೇಳಿದಳು: "ತಪ್ಪಿ ಹಾಕಿದ್ರೇನು?"

ಹೂಂ ಎಂದರೆ ಸಾಕಿತ್ತು. ಅವಳು ಕೇಳಿದ್ದೇ ಅದಕ್ಕೆ.

"ಇಲ್ಲ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಆರಿಸಲು ಹೋಗಲಿಲ್ಲ. ಒಲೆ ತಾನಾಗಿಯೇ ಆರಿ, ಗ್ಯಾಸಿನ ವಾಸನೆ ಬಂದ ಮೇಲೆ ಅವಳೇ ಕೈ ಹಿಂದೆ ಚಾಚಿ ಬಂದ್ ಮಾಡಿದಳು.

"ಎಷ್ಟ್ ದಿನಾ ಆತು?"

"ಒಂಬತ್ತು."

"ಒಂಬತ್ತೂ ದಿನ ನೀವು ಅಲ್ಲೇ ಕುಂತು ಕೇಳ್ತಿದ್ರಿ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. "ನಾ ಬೆರಳು ನೋವಾಗಿ ಎಣ್ಣಿ ಹಚ್ಕೊಂಡೆ. ಎಣ್ಣಿ ಬಾಟ್ಲಿ ತಂದ್ಕೊಟ್ಟವ್ರೂ ನೀವೇ."

ಅದನ್ನು ಅವನು ಮರೆತಿದ್ದ. ನೆನಪಿಸಿದ ಮೇಲೆ ಬಾಟಲಿಯ ಜಿಡ್ಡು ಅಂಗೈಗೆ ಬಂತು. ಹೊಟ್ಟೆಕಿಚ್ಚು ಎಂಬ ಮಾತು ಬಾಯಿಗೆ ಬಂದು, ಅದನ್ನು ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಲ್ಲೇ ನಿಂತಿತು. ಅವಳು ಕೇಳಲೂ ಇಲ್ಲ. ಯಾಕೆ ಎಂದು ಅವಳು ಕೇಳಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಅವಳು ಚೀಲದಿಂದ ಡಬ್ಬಿ ತೆಗೆದು ಅವನ ಕೆಲಸದ ಮೇಜಿನ ಮೇಲೆ ಇಟ್ಟಳು.

"ಬಿಚ್ಚ್ರಿ. ನಾ ನೋಡ್ಬೇಕು."

ಅವನು ಸ್ಕ್ರೂ ಬಿಚ್ಚಿ ಬೋರ್ಡು ಮಗುಚಿದ. ಒಳಗೆ ಕೈ ಹೋಗಲು ಕೀಯಿಂದ ಬರುವ ತಂತಿಯನ್ನು ಬಿಡಿಸಬೇಕಾಯಿತು. ಬೆಸುಗೆ ಕರಗಿಸಿದಾಗ ಮಡಿಸಿ ಅಡಗಿಸಿದ್ದು ಹೊರಬಂತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎಲ್ಲಿ ಇತ್ತು, ಯಾಕೆ ಅಷ್ಟು ಕೆಳಗಿತ್ತು ಎಂಬುದೂ ಅವಳಿಗೆ ತಿಳಿಯಿತು. ಅದನ್ನು ಮೇಜಿನ ಮೇಲೆ, ಅವನ ಮುಂದೆ ಇಟ್ಟಳು. ಅವನು ಬೆಸುಗೆಯ ಕಾದ ಕಡ್ಡಿ ತೆಗೆದುಕೊಳ್ಳಹೋದರೆ ಅವಳ ಕೈ ಮೊದಲೇ ಅಲ್ಲಿತ್ತು.

"ನನ್ನ ಡಬ್ಬಿ ಇನ್ನ ನಾನೇ ಮಾಡ್ಕೋತೀನಿ. ಹೆಂಗ್ ಹಿಡೀಬೇಕು, ಅಷ್ಟ್ ತೋರಸ್ರಿ."

ಆ ಕ್ಲಾಸಿನಲ್ಲಿ ಅವನಿಗೆ ಉಳಿದಿದ್ದುದು ಇದೊಂದೇ, ಈ ಕಡ್ಡಿ, ಈ ಹದಿನೈದು ಡಬ್ಬಿ. ಅದನ್ನೂ ಈಗ ಅವಳ ಕೈಗೆ ಕೊಡಬೇಕು. ಕೊಡುವಾಗಲೂ ಒಳಗೆ ಅದೇ ಹಳೆಯ ಹೊಟ್ಟೆಕಿಚ್ಚು ಮುಳ್ಳು ಎತ್ತಿತು, ಇಷ್ಟಾದ ಮೇಲೂ. ತೋರಿಸಿದ. ಪೆನ್ಸಿಲಿನ ಹಾಗೆ ಹಿಡಿ, ಮೊದಲು ತಂತಿ ಕಾಯಲಿ, ಆಮೇಲೆ ಸೀಸ ಮುಟ್ಟಿಸು. ಅವಳು ಉಸಿರು ಬಿಗಿಹಿಡಿದು ಕೀಯ ತಂತಿಯನ್ನು ಬೆಸೆದಳು. ಹೊಗೆ ಎದ್ದು ಚದುರಿತು. ಅವನು ಬಗ್ಗಿ ನೋಡಿದ. ಬೆಸುಗೆ ಗುಂಡಗೆ, ದೊಡ್ಡದಾಗಿ, ನೋಡುವವರಿಗೆ ಚೆನ್ನಾಗಿಯೇ ಕೂತಿತ್ತು. ಆದರೆ ಬೂದಿಯ ಬಣ್ಣ, ಹೊಳಪಿಲ್ಲ. ತಂತಿ ಸಾಕಷ್ಟು ಕಾದಿರಲಿಲ್ಲ. ಇಂಥದ್ದು ಇಂದು ಕೆಲಸ ಮಾಡುತ್ತದೆ, ನಾಳೆಯೂ ಮಾಡುತ್ತದೆ. ಯಾವಾಗಲೋ ಒಂದು ದಿನ ನಡುವಿನಲ್ಲಿ ಬಿಡುತ್ತದೆ.

"ಆತಲ್ಲ?" ಎಂದಳು, ಮೊದಲ ಸಲ ಮುಖದಲ್ಲಿ ಏನೋ ಸಡಿಲಾಗಿ.

ಹೂಂ ಎಂದರೆ ಈಗಲೂ ಸಾಕಿತ್ತು.

"ಇಲ್ಲ" ಎಂದ. "ಅದು ಹಿಡದಿಲ್ಲ. ಮ್ಯಾಲೆ ಕುಂತದ ಅಷ್ಟೇ. ಇನ್ನೊಮ್ಮೆ ಕಾಸಬೇಕು."

ಅವಳು ಬೆಸುಗೆಯನ್ನು ನೋಡಿದಳು, ಆಮೇಲೆ ಅವನನ್ನು. ವೈರಿನ ವಿಷಯದಲ್ಲಿ ಅವಳು ಹೀಗೆ ನೋಡಿದ್ದು ಇದೇ ಮೊದಲು.

"ಖರೇ ಏನು?"

"ಖರೇ."

ಅವಳು ಆ ಮಾತನ್ನು ಹಾಗೇ ನಂಬಲಿಲ್ಲ. ಉಗುರನ್ನು ತಂತಿಯ ಅಡಿಗೆ ಕೊಟ್ಟು ಎಳೆದಳು. ತಂತಿ ಕಿತ್ತು ಬಂತು.

"ಖರೇನೇ ಅದ" ಎಂದಳು, ತಂತಿಗೆ ಹೇಳಿದ ಹಾಗೆ, ಮತ್ತು ಬೆಸುಗೆಯ ಕಡ್ಡಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.